ಬೋರ್ಡ್ ಮೇಲೆ ಬರೆದ ಹೆಸರುಗಳು

(ಹೈಸ್ಕೂಲ್ ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಒಂದು ಸಭೆಯಲ್ಲಿ ಮಕ್ಕಳ ನಾಯಕತ್ವದ ಬಗ್ಗೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಮಾತು ಶುರು ಮಾಡುವ ಮೊದಲು ಒಂದು ಪ್ರಶ್ನೆ. ಇಲ್ಲಿರುವವರಲ್ಲಿ ಎಷ್ಟು ಜನ ಸ್ಕೂಲಿನಲ್ಲಿದ್ದಾಗ ಕ್ಲಾಸ್ ಮಾನಿಟರ್ ಆಗಿದ್ದಿರಿ? ಕೈ ಎತ್ತಿ ನೋಡೋಣ. ಸರಿ, ಒಂದು ಇಪ್ಪತ್ತು ಕೈ. ಈಗ ಇನ್ನೊಂದು ಪ್ರಶ್ನೆ. ಮೇಷ್ಟ್ರು ಹೊರಗೆ ಹೋದಾಗ ಮಾತಾಡಿ, ಬೋರ್ಡ್ ಮೇಲೆ ಹೆಸರು ಬರೆಸಿಕೊಂಡವರು ಎಷ್ಟು ಜನ? ನೋಡಿ, ಈಗ ಸಭೆಗೆ ಕಳೆ ಬಂತು.

ಆ ದೃಶ್ಯ ನಿಮಗೆಲ್ಲ ನೆನಪಿದೆ. ಮೇಷ್ಟ್ರು ಆಫೀಸಿಗೆ ಹೋದರು. ಮಾನಿಟರ್ ಎದ್ದು ಚಾಕ್‌ಪೀಸ್ ಹಿಡಿದು ನಿಂತ. ಯಾರು ಪಿಸುಗುಟ್ಟಿದರೂ ಹೆಸರು ಬೋರ್ಡಿಗೆ. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಗುಣಿಸು ಚಿಹ್ನೆ. ನಮ್ಮ ಕ್ಲಾಸಿನ ಮಾನಿಟರ್ ಒಂದು ಪೆಪ್ಪರ್‌ಮಿಂಟ್ ಕೊಟ್ಟರೆ ಹೆಸರು ಅಳಿಸುತ್ತಿದ್ದ. ಎರಡು ಕೊಟ್ಟರೆ ನಾವು ಹೇಳಿದವರ ಹೆಸರು ಸೇರಿಸುತ್ತಿದ್ದ. ಆಡಳಿತ ಅಂದರೆ ಏನು ಅಂತ ನನಗೆ ಮೊದಲು ಗೊತ್ತಾಗಿದ್ದು ಅವನಿಂದಲೇ.

ನಗಬೇಡಿ, ಮುಂದೆ ನಾನೂ ಮೇಷ್ಟ್ರಾದೆ. ಮೂವತ್ತು ವರ್ಷಕ್ಕೂ ಜಾಸ್ತಿ ಗಣಿತ ಹೇಳಿಕೊಟ್ಟೆ. ಅದರಲ್ಲಿ ಅರ್ಧಕ್ಕರ್ಧ ವರ್ಷ ನಾನೂ ಅಂಥ ಮಾನಿಟರ್‌ಗಳನ್ನೇ ನೇಮಿಸಿದೆ. ಫಸ್ಟ್ ರ‍್ಯಾಂಕ್ ಬರುವ ಹುಡುಗ, ಗಟ್ಟಿ ದನಿ, ಒಗೆದು ಇಸ್ತ್ರಿ ಮಾಡಿದ ಅಂಗಿ. ಅವನ ಕೈಗೆ ಚಾಕ್‌ಪೀಸ್. ಅದರಲ್ಲಿ ಏನು ತಪ್ಪು ಅಂತ ನನಗೆ ಹೊಳೆಯಲೇ ಇಲ್ಲ. ಹನ್ನೊಂದು ವರ್ಷದ ಮಗುವಿಗೆ ನಾಯಕತ್ವದ ಮೊದಲ ಪಾಠ ಅಂತ ನಾವು ಕಲಿಸಿದ್ದು ಇಷ್ಟೇ: ಮೇಲಿನವರ ಪರವಾಗಿ ನಿನ್ನ ಓರಗೆಯವರ ಮೇಲೆ ಕಣ್ಣಿಡು.

ಮೇಷ್ಟ್ರು ಹೊರಗೆ ಹೋದಾಗ ಏನಾಗುತ್ತದೆ ಅನ್ನುವುದನ್ನು ಒಬ್ಬರು ಕೂತು ಅಳೆದು ನೋಡಿದ್ದಾರೆ. ಕರ್ಟ್ ಲೆವಿನ್ ಅಂತ ಮನಶ್ಶಾಸ್ತ್ರಜ್ಞ. ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದವರು. ಜನ ಯಾಕೆ ಸರ್ವಾಧಿಕಾರಿಯ ಮಾತು ಕೇಳುತ್ತಾರೆ ಅನ್ನುವುದು ಅಂಥವರಿಗೆ ಸುಮ್ನೆ ಪುಸ್ತಕದ ಪ್ರಶ್ನೆ ಆಗಿರಲಿಕ್ಕಿಲ್ಲ. 1930ರ ದಶಕದ ಕೊನೆಯಲ್ಲಿ ಅವರು ಅಯೋವಾದಲ್ಲಿ, ಲಿಪ್ಪಿಟ್ ಮತ್ತು ವೈಟ್ ಎಂಬ ಜೊತೆಗಾರರನ್ನು ಸೇರಿಸಿಕೊಂಡು, ಹತ್ತು ಹನ್ನೊಂದು ವರ್ಷದ ಹುಡುಗರ ಐದೈದು ಜನರ ಗುಂಪು ಮಾಡಿದರು. ಮುಖವಾಡ ಮಾಡುವಂಥ ಕೈಕೆಲಸ ಕೊಟ್ಟರು. ಒಂದು ಥರದ ಗುಂಪಿನಲ್ಲಿ ದೊಡ್ಡವರು ಹೇಳಿದ್ದೇ ಆಜ್ಞೆ. ಇನ್ನೊಂದರಲ್ಲಿ ಹುಡುಗರ ಜೊತೆ ಕೂತು ಮಾತಾಡಿ ನಿರ್ಧಾರ. ಮೂರನೆಯದರಲ್ಲಿ ದೊಡ್ಡವರು ಇದ್ದೂ ಇಲ್ಲದ ಹಾಗೆ, ನಿಮ್ಮಿಷ್ಟ ಬಂದದ್ದು ಮಾಡಿಕೊಳ್ಳಿ ಅಂತ.

ಆಜ್ಞೆಯ ಗುಂಪು ದೊಡ್ಡವರು ಎದುರಿಗಿದ್ದಾಗ ಚೆನ್ನಾಗಿಯೇ ಕೆಲಸ ಮಾಡಿತು. ಅವರು ಹೊರಗೆ ಹೋದರೋ, ಕೆಲಸ ನಿಂತಿತು. ಕೂತು ಮಾತಾಡಿದ ಗುಂಪು ದೊಡ್ಡವರು ಹೊರಗೆ ಹೋದರೂ ಹೆಚ್ಚು ಕಡಿಮೆ ಹಾಗೇ ಕೆಲಸ ಮುಂದುವರಿಸಿತು. ನಮ್ಮ ಬೋರ್ಡು, ಚಾಕ್‌ಪೀಸು, ಮಾನಿಟರು ಎಲ್ಲ ಬೇಕಾಗಿರುವುದು ಮೊದಲನೇ ಥರದ ಗುಂಪಿಗೆ. ಆದರೆ ಮೂರನೇ ಗುಂಪನ್ನೂ ಮರೆಯಬೇಡಿ. ಅಲ್ಲಿ ಕೆಲಸ ಸರಿಯಾಗಿ ಆಗಲೇ ಇಲ್ಲ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಟ್ಟರೆ ತಾವೇ ಕಲಿಯುತ್ತಾರೆ ಅನ್ನುವವರು ಈ ಭಾಗವನ್ನು ಜಾಣತನದಿಂದ ಬಿಟ್ಟುಬಿಡುತ್ತಾರೆ.

ಈಗ ನಮ್ಮ ಶಾಲೆಗಳಿಗೆ ಬರೋಣ. ಶಾಲಾ ಸಂಸತ್ತು ಇದೆಯಲ್ಲ ಸಾರ್ ಅಂತೀರಿ. ಇದೆ. ಜೂನ್, ಜುಲೈ ಬಂತು ಅಂದರೆ ಎಲ್ಲ ಕಡೆ ಚುನಾವಣೆ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ. ಈಗಂತೂ ಮೊಬೈಲನ್ನೇ ಮತಯಂತ್ರ ಮಾಡಿಕೊಳ್ಳುತ್ತಾರೆ. ಬಹಳ ಚೆನ್ನಾಗಿರುತ್ತದೆ, ನಾನು ಅದನ್ನು ಆಡಿಕೊಳ್ಳುವುದಿಲ್ಲ. ಮತ ಗುಟ್ಟಾಗಿರಬೇಕು, ಸೋತವರು ಗೆದ್ದವರ ಕೈ ಕುಲುಕಬೇಕು ಅನ್ನುವುದು ಅಲ್ಲೇ ಅಭ್ಯಾಸ ಆಗುತ್ತದೆ. ಆಮೇಲೆ ಪ್ರಮಾಣವಚನ. ಮುಖ್ಯಮಂತ್ರಿ, ಆಹಾರ ಮಂತ್ರಿ, ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ, ವಿರೋಧ ಪಕ್ಷದ ನಾಯಕ. ಎದೆಗೆ ಬ್ಯಾಡ್ಜು. ಒಂದು ಗ್ರೂಪ್ ಫೋಟೋ.

ಮಾರನೇ ದಿನ? ಆಹಾರ ಮಂತ್ರಿ ಅಡುಗೆಮನೆ ಹತ್ತಿರ ಹೋದರೆ ಅಡುಗೆಯಮ್ಮ, "ಏಯ್, ಆ ಕಡೆ ಹೋಗು" ಅಂತಾರೆ. ಕ್ರೀಡಾ ಮಂತ್ರಿಗೆ ಚೆಂಡಿನ ಬೀರುವಿನ ಬೀಗದ ಕೈ ಸಿಗುವುದಿಲ್ಲ. ವಿರೋಧ ಪಕ್ಷದ ನಾಯಕ ನಿಜವಾಗಿ ವಿರೋಧಿಸಿದರೆ ಅಪ್ಪ ಅಮ್ಮನನ್ನು ಕರೆಸುತ್ತೇವೆ.

ರೋಜರ್ ಹಾರ್ಟ್ ಎಂಬುವರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಒಂದು ಪ್ರಬಂಧದಲ್ಲಿ ಒಂದು ಏಣಿ ಬರೆದು ತೋರಿಸಿದರು. ಮಕ್ಕಳನ್ನು ನಾವು ಎಷ್ಟರ ಮಟ್ಟಿಗೆ ಸೇರಿಸಿಕೊಳ್ಳುತ್ತೇವೆ ಅನ್ನುವುದಕ್ಕೆ ಎಂಟು ಮೆಟ್ಟಿಲು. ಕೆಳಗಿನ ಮೂರನ್ನು ಅವರು ಭಾಗವಹಿಸುವಿಕೆ ಅಂತ ಒಪ್ಪುವುದೇ ಇಲ್ಲ. ಮೊದಲನೆಯದು ಮಕ್ಕಳನ್ನು ಬಳಸಿಕೊಳ್ಳುವುದು. ಎರಡನೆಯದು ಅಲಂಕಾರಕ್ಕೆ ನಿಲ್ಲಿಸುವುದು. ಮೂರನೆಯದು ಹೆಸರಿಗೆ ಮಾತ್ರ ಸೇರಿಸುವುದು. ನಮ್ಮ ಬ್ಯಾಡ್ಜು ಯಾವ ಮೆಟ್ಟಿಲಲ್ಲಿದೆ ಅಂತ ನೀವೇ ಲೆಕ್ಕ ಹಾಕಿ.

ಕನ್ನಡದಲ್ಲಿ ಲೀಡರ್ ಅನ್ನುವುದಕ್ಕೆ ಒಂದು ಒಳ್ಳೇ ಪದ ಇದೆ, ಮುಂದಾಳು. ಮುಂದೆ ಇರುವ ಆಳು. ಆಳು ಅಂದರೆ ದುಡಿಯುವವನು. ಅದೇ ಪದ ಕ್ರಿಯೆಯಾದರೆ ಅರಸನ ಕೆಲಸ, ಆಳುವುದು. ಆಳಾಗಬಲ್ಲವನು ಅರಸಾಗಬಲ್ಲ ಅಂತ ಗಾದೆಯೇ ಇದೆ. ನಾವು ಮಕ್ಕಳಿಗೆ ಅರಸನ ಬ್ಯಾಡ್ಜು ಕೊಟ್ಟೆವು, ಆಳಿನ ಕೆಲಸ ಕೊಡಲಿಲ್ಲ. ನಾನು ಇವತ್ತು ಹೇಳಲು ಬಂದಿರುವುದು ಇದೊಂದೇ. ತಪ್ಪಿದರೆ ನಿಜವಾಗಿ ತೊಂದರೆ ಆಗುವಂಥ ಒಂದು ಕೆಲಸ ಮಗುವಿನ ಕೈಗೆ ಬರಬೇಕು. ಅದನ್ನು ಮಾಡಲು ಬೇಕಾದ ಅಧಿಕಾರವೂ ಜೊತೆಗೇ ಬರಬೇಕು.

ನನಗೆ ಇದು ಗೊತ್ತಾಗಿದ್ದು ಮೊಟ್ಟೆ, ಬಾಳೆಹಣ್ಣಿನಿಂದ.

ಬಿಸಿಯೂಟದಲ್ಲಿ ಮೊಟ್ಟೆ ಬಂದಾಗ, ತಿನ್ನದವರಿಗೆ ಬಾಳೆಹಣ್ಣು. ಹಾಗಾಗಿ ದಿನಾ ಬೆಳಗ್ಗೆ ಯಾರೋ ಒಬ್ಬರು ಎಣಿಸಬೇಕು. ಎಷ್ಟು ಮಕ್ಕಳಿಗೆ ಮೊಟ್ಟೆ, ಎಷ್ಟು ಮಕ್ಕಳಿಗೆ ಹಣ್ಣು. ಆ ಲೆಕ್ಕದ ಮೇಲೆ ಮೊಟ್ಟೆ ಬೇಯುತ್ತದೆ, ಹಣ್ಣು ಬರುತ್ತದೆ. ಅದನ್ನು ನಾನೇ ಮಾಡುತ್ತಿದ್ದೆ. ಒಂದು ದಿನ ಬೇಜಾರಾಗಿ ಆಹಾರ ಮಂತ್ರಿಗೆ ಕೊಟ್ಟುಬಿಟ್ಟೆ. ಒಂಬತ್ತನೇ ಕ್ಲಾಸಿನ ಹುಡುಗಿ, ಬಹಳ ಅಚ್ಚುಕಟ್ಟು. ಪುಸ್ತಕಕ್ಕೆ ಬ್ರೌನ್ ಪೇಪರ್ ಹಾಕಿ, ಕೆಂಪು ಪೆನ್ನಲ್ಲಿ ಗೆರೆ ಎಳೆದು ಶುರು ಮಾಡಿದಳು. ಮೊದಲ ವಾರ ಸರಿ ಹೋಯಿತು. ಎರಡನೇ ಸೋಮವಾರ ಹನ್ನೊಂದು ಬಾಳೆಹಣ್ಣು ಕಡಿಮೆ ಬಿತ್ತು, ಹನ್ನೊಂದು ಮೊಟ್ಟೆ ಮಿಕ್ಕಿತು. ಸಾಲಿನ ಕೊನೆಯಲ್ಲಿ ನಿಂತಿದ್ದ ಚಿಕ್ಕ ಮಕ್ಕಳು ಬರೀ ಅನ್ನ ಸಾಂಬಾರ್ ತಿಂದು ಎದ್ದರು. ಅಡುಗೆಯಮ್ಮ ನನ್ನನ್ನು ಎಲ್ಲರೆದುರು ಬೈದರು. ಆ ಹುಡುಗಿ ಅಳುತ್ತಾ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟಳು.

ಆ ಕ್ಷಣ ನನ್ನ ಕೈ ಪುಸ್ತಕದ ಕಡೆ ಹೋಯಿತು. ಸುಳ್ಳು ಹೇಳುವುದಿಲ್ಲ. "ಬಿಡಮ್ಮ, ನಾನೇ ನೋಡ್ಕೋತೀನಿ" ಅನ್ನುವ ಮಾತು ನಾಲಿಗೆ ಮೇಲಿತ್ತು. ಎಷ್ಟು ಪ್ರೀತಿಯ ಮಾತು ಅಲ್ವಾ ಅದು? ಮಕ್ಕಳ ಕೈಯಿಂದ ಕೆಲಸ ಕಿತ್ತುಕೊಳ್ಳಲು ಇದಕ್ಕಿಂತ ಚೆನ್ನಾದ ಮಾತು ಇನ್ನೊಂದಿಲ್ಲ. ಹೇಗೋ ತಡೆದುಕೊಂಡೆ. ಸಂಜೆ ನಾಲ್ಕಕ್ಕೆ ಎಲ್ಲ ಕ್ಲಾಸಿನ ಲೀಡರ್‌ಗಳನ್ನು ಕರೆದು ಕೂರಿಸು, ಯಾಕೆ ಹೀಗಾಯಿತು ಅಂತ ಕೇಳು ಅಂದೆ. ನಾನು ಹಿಂದೆ ಕೂತೆ.

ಅರ್ಧ ಗಂಟೆ ಒಬ್ಬರ ಮೇಲೊಬ್ಬರು ತಪ್ಪು ಹಾಕಿದರು. ಆಗ ಎಂಟನೇ ಕ್ಲಾಸಿನ ಒಬ್ಬ ಹುಡುಗ ಬಾಯಿ ಬಿಟ್ಟ. ಅವನು ಲೀಡರ್ ಅಲ್ಲ. ಅವರ ಕ್ಲಾಸ್ ಲೀಡರ್ ರಜೆ ಇದ್ದಳು ಅಂತ ಬದಲಿಗೆ ಬಂದಿದ್ದ. ಗಣಿತದಲ್ಲಿ ನನ್ನ ಕೈಯಲ್ಲಿ ಪಾಸಾಗದವನು. ಅವನ ತಾಯಿ ಊರಲ್ಲಿ ಸಣ್ಣ ಅಂಗಡಿ ಇಟ್ಟಿದ್ದರು. "ಸಾರ್, ಸೋಮವಾರ, ಶನಿವಾರ ನಮ್ಮಂಗಡೀಲಿ ಮೊಟ್ಟೆ ಹೋಗಲ್ಲ" ಅಂದ. ಅಷ್ಟೇ. ಬೆಳಗ್ಗೆ ಕೈ ಎತ್ತುವಾಗ ಮಕ್ಕಳಿಗೆ ವಾರ ನೆನಪಿರುವುದಿಲ್ಲ. ಮಧ್ಯಾಹ್ನ ತಟ್ಟೆ ಹಿಡಿದಾಗ, "ಅಯ್ಯೋ, ಇವತ್ತು ಸೋಮವಾರ, ನಮ್ಮನೇಲಿ ತಿನ್ನಲ್ಲ" ಅಂತ ಬಾಳೆಹಣ್ಣಿನ ಕಡೆ ಹೋಗುತ್ತಾರೆ. ಅವತ್ತೇ ತೀರ್ಮಾನ ಆಯಿತು. ಪ್ರತಿ ಕ್ಲಾಸಿನಲ್ಲಿ ಸೋಮವಾರ ಬಿಡುವವರು ಯಾರು, ಶನಿವಾರ ಬಿಡುವವರು ಯಾರು ಅಂತ ಒಂದು ಪಟ್ಟಿ. ಅಡುಗೆಮನೆ ಗೋಡೆಗೆ ಒಂದು ಕ್ಯಾಲೆಂಡರ್. ಶ್ರಾವಣ ಬಂದರೆ ಪಟ್ಟಿ ಬೇರೆ. ಇದು ನನ್ನ ತಲೆಗೆ ಬರುತ್ತಿರಲಿಲ್ಲ ಸ್ವಾಮಿ. ಮೂವತ್ತು ವರ್ಷ ಗಣಿತ ಹೇಳಿದವನಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಅಂಗಡಿಯಮ್ಮನ ಮಗನಿಗೆ ಗೊತ್ತಿತ್ತು.

ಫಸ್ಟ್ ರ‍್ಯಾಂಕಿನ ಮಗುವನ್ನೇ ಲೀಡರ್ ಮಾಡುವುದು ಎಷ್ಟು ದೊಡ್ಡ ನಷ್ಟ ಅಂತ ಅವತ್ತು ಅರ್ಥವಾಯಿತು. ಪೋಷಕರೂ ಇಲ್ಲಿದ್ದೀರಿ, ಅದಕ್ಕೆ ಹೇಳುತ್ತೇನೆ. ಸ್ಟೇಜ್ ಮೇಲೆ ಇಂಗ್ಲಿಷಿನಲ್ಲಿ ಪಟಪಟ ಅಂತ ಭಾಷಣ ಮಾಡಿದರೆ ಅದು ನಾಯಕತ್ವ ಅಲ್ಲ, ಅದು ಭಾಷಣ. ಮೂರು ದಿನದ ಶಿಬಿರ, ಒಂದು ಟೀ ಶರ್ಟು, ಒಂದು ಸರ್ಟಿಫಿಕೇಟಿಗೆ ದುಡ್ಡು ಕಟ್ಟುತ್ತೀರಿ. ಕಟ್ಟಿ, ನಿಮ್ಮ ದುಡ್ಡು. ಆದರೆ ಮನೆಗೆ ಬಂದ ಮೇಲೆ ಆ ಮಗು ಒಂದು ವಾರದ ತರಕಾರಿ ಲೆಕ್ಕ ನೋಡಿಕೊಳ್ಳುತ್ತದೆಯಾ ಅಂತಲೂ ನೋಡಿ.

ಇಷ್ಟರ ಮೇಲೆ ಹೇಗೆ ಮಾಡುವುದು ಅಂತ ಕೇಳುತ್ತೀರಿ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಗುಂಪು ಚಿಕ್ಕದಿರಲಿ. ಐವತ್ತು ಮಕ್ಕಳ ಕ್ಲಾಸನ್ನು ಹನ್ನೆರಡು ವರ್ಷದ ಮಗು ನಡೆಸಲಾರದು. ನಮಗೇ ಕಷ್ಟ. 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಸ್ಕೌಟ್ ಶಿಬಿರ ಮಾಡಿದಾಗ ಹುಡುಗರು ಇದ್ದದ್ದು ಇಪ್ಪತ್ತರ ಆಸುಪಾಸು. ಅವರನ್ನೂ ನಾಲ್ಕು ತಂಡ ಮಾಡಿ, ತಂಡಕ್ಕೊಬ್ಬ ಹುಡುಗನನ್ನೇ ಮುಂದಾಳು ಮಾಡಿದರು. ದುಡ್ಡಿದ್ದವರ ಮಕ್ಕಳು, ಕೂಲಿಯವರ ಮಕ್ಕಳು ಬೆರೆತಿದ್ದರು. ಆ ಸೈನಿಕ ಶಿಸ್ತು, ಸೆಲ್ಯೂಟು ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಆದರೆ ಐದಾರು ಜನರ ತಂಡ ಅನ್ನುವ ಲೆಕ್ಕ ಸರಿ. ಆರು ಜನರಲ್ಲಿ ಒಬ್ಬರು ಮುನಿಸಿಕೊಂಡರೆ ಗೊತ್ತಾಗುತ್ತದೆ. ಐವತ್ತರಲ್ಲಿ ಗೊತ್ತಾಗುವುದಿಲ್ಲ.

ಆರು, ಏಳನೇ ಕ್ಲಾಸಿನವರಿಗೆ ಚಿಕ್ಕ ಅವಧಿ, ಕಣ್ಣಿಗೆ ಕಾಣುವ ಕೆಲಸ. ಒಂದು ವಾರ ಗಿಡಕ್ಕೆ ನೀರು, ಒಂದು ವಾರ ಲೈಬ್ರರಿ ಪುಸ್ತಕ. ವಾರ ಮುಗಿದರೆ ಬೇರೆಯವರು. ಒಂಬತ್ತನೇ ಕ್ಲಾಸಿನವರಿಗೆ ಅದು ಸಾಲದು. ಆ ವಯಸ್ಸಿಗೆ ನ್ಯಾಯ, ಅನ್ಯಾಯದ ಮೇಲೆ ಕಣ್ಣು ಬಿದ್ದಿರುತ್ತದೆ. ಅವರಿಗೆ ಕ್ರೀಡಾಕೂಟದ ಒಂದು ಭಾಗ ಕೊಡಿ. ಪೂರ್ತಿ ಕೊಡಿ, ದುಡ್ಡಿನ ಸಮೇತ. ಐನೂರು ರೂಪಾಯಿಯಾದರೂ ಸರಿ, ರಸೀದಿ ತಂದು ಲೆಕ್ಕ ಒಪ್ಪಿಸಲಿ.

ಒಂದು ನಡಾವಳಿ ಪುಸ್ತಕ ಇರಲಿ. ಏನು ತೀರ್ಮಾನ, ಯಾರು ಮಾಡಬೇಕು, ಯಾವತ್ತಿನೊಳಗೆ. ಮುಂದಿನ ಸಭೆಯ ಮೊದಲ ಕೆಲಸ ಅದನ್ನು ಓದುವುದು. ನಾವು ಇನ್ನೊಂದು ನಿಯಮ ಮಾಡಿಕೊಂಡಿದ್ದೆವು. ನಿನ್ನ ಮಾತು ಹೇಳುವ ಮೊದಲು ನಿನಗಿಂತ ಹಿಂದೆ ಮಾತಾಡಿದವರು ಏನು ಹೇಳಿದರು ಅಂತ ಹೇಳಬೇಕು. ಅವರು ಹೌದು ಅಂದ ಮೇಲೆ ನಿನ್ನ ಮಾತು. ಮೊದಮೊದಲು ನಗೆಪಾಟಲು. ಯಾರಿಗೂ ಯಾರದ್ದೂ ನೆನಪಿರುತ್ತಿರಲಿಲ್ಲ. ಎರಡು ತಿಂಗಳಲ್ಲಿ ಜಗಳ ಕಡಿಮೆಯಾಯಿತು. ಇದನ್ನು ನಮ್ಮ ಸ್ಟಾಫ್ ಮೀಟಿಂಗಿನಲ್ಲೂ ಮಾಡೋಣ ಅಂದೆ. ಯಾರೂ ಒಪ್ಪಲಿಲ್ಲ.

ಆಮೇಲೆ ಬಿಟ್ಟುಕೊಡುವುದು. ಇದಕ್ಕೆ ಖೋ ಖೋ ನೋಡಿ. ಅಟ್ಟಿಸಿಕೊಂಡು ಹೋಗುವ ತಂಡದ ಒಂಬತ್ತು ಜನ ಅಂಗಳದಲ್ಲಿ. ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಓಡುವವರು ಒಬ್ಬರೇ. ಅವರು ನಡುವಿನ ಗೆರೆ ದಾಟುವಂತಿಲ್ಲ, ದಿಕ್ಕು ಬದಲಿಸಿ ಹಿಂದಕ್ಕೆ ಓಡುವಂತಿಲ್ಲ. ತಾನೊಬ್ಬನೇ ಹಿಡಿಯುತ್ತೇನೆ ಅಂತ ಹೊರಟವನು ಸುಸ್ತಾಗಿ ನಿಲ್ಲುತ್ತಾನೆ. ಆಟ ಗೊತ್ತಿರುವವನು ಸರಿಯಾದ ಹೊತ್ತಿಗೆ, ಸರಿಯಾದ ಕಡೆಗೆ ಮುಖ ಮಾಡಿ ಕೂತವರ ಬೆನ್ನು ಮುಟ್ಟಿ ಖೋ ಅಂತಾನೆ, ಆ ಜಾಗದಲ್ಲಿ ಕೂರುತ್ತಾನೆ. ಈ ಕೂರುವುದಿದೆಯಲ್ಲ, ಅದು ನಮ್ಮ ಊರಿನ ಎಷ್ಟೋ ದೊಡ್ಡ ಲೀಡರ್‌ಗಳಿಗೆ ಇನ್ನೂ ಬಂದಿಲ್ಲ. ನಮ್ಮ ಶಾಲೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳು ಡಿಸೆಂಬರ್ ಹೊತ್ತಿಗೆ ಒಂಬತ್ತನೆಯವರಿಗೆ ಕೆಲಸ ಒಪ್ಪಿಸುತ್ತಿದ್ದರು. ಅದಕ್ಕೂ ಖೋ ಕೊಡುವುದು ಅಂತಲೇ ಹೆಸರು.

ಹುಡುಗಿಯರ ವಿಷಯ. ಹುಡುಗ ಲೀಡರ್, ಹುಡುಗಿ ಉಪಲೀಡರ್. ಧ್ವಜ ಕಟ್ಟುವುದು ಹುಡುಗರು, ರಂಗೋಲಿ ಹಾಕುವುದು ಹುಡುಗಿಯರು. ಇದು ಬೇಕಂತ ಮಾಡುವುದಲ್ಲ, ಕೈ ತಾನಾಗಿ ಆ ಕಡೆ ಹೋಗುತ್ತದೆ. ಒಂದು ವರ್ಷ ಅದಲು ಬದಲು ಮಾಡಿದೆವು. ರಂಗೋಲಿ ಬಹಳ ಕೆಟ್ಟದಾಗಿತ್ತು. ಧ್ವಜ ಸರಿಯಾಗಿಯೇ ಹಾರಿತು.

ಇದೆಲ್ಲ ಶಾಲೆಯ ಗೋಡೆಯೊಳಗಿನ ಮಾತು. ನಮ್ಮ ರಾಜ್ಯದಲ್ಲಿ ಮಕ್ಕಳು ಗೋಡೆ ದಾಟಿದ ಕಥೆಯೂ ಇದೆ, ಅದೂ ಶಾಲೆಗೆ ಹೋಗಲಾಗದೆ ದುಡಿಯುತ್ತಿದ್ದ ಮಕ್ಕಳು. 1990ರಲ್ಲಿ ಕರ್ನಾಟಕದಲ್ಲಿ ದುಡಿಯುವ ಮಕ್ಕಳೇ ಸೇರಿ ಭೀಮ ಸಂಘ ಕಟ್ಟಿಕೊಂಡರು. ಅವರ ಜೊತೆ ಕೆಲಸ ಮಾಡುತ್ತಿದ್ದ ಸಂಸ್ಥೆಯ ಬೆಂಬಲದಿಂದ 1995ರ ಹೊತ್ತಿಗೆ ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದವು. ಮಕ್ಕಳೇ ಮತ ಹಾಕಿ ಮಕ್ಕಳನ್ನು ಆರಿಸಿದರು. ಕರಾವಳಿಯ ಮಳೆಗಾಲ ನಿಮಗೆ ಗೊತ್ತಲ್ಲ, ಹಳ್ಳ ತುಂಬಿದರೆ ದಾರಿ ಬಂದ್. ಕಾಲುಸಂಕ, ಅಂದರೆ ಹಳ್ಳ ದಾಟುವ ಕಿರುಸೇತುವೆ, ಎಲ್ಲಿ ಬೇಕು ಅನ್ನುವುದು ದಿನಾ ದಾಟುವ ಮಗುವಿಗೆ ಗೊತ್ತಿರುವಷ್ಟು ಜೀಪಿನಲ್ಲಿ ಬರುವ ಸಾಹೇಬರಿಗೆ ಗೊತ್ತಿರುವುದಿಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದದ್ದು 1989ರಲ್ಲಿ. ಅದರ 12ನೇ ವಿಧಿ ಹೇಳುವುದೂ ಇದನ್ನೇ: ತಮಗೆ ಸಂಬಂಧಪಟ್ಟ ವಿಷಯದಲ್ಲಿ ಮಕ್ಕಳ ಮಾತು ಕೇಳಬೇಕು, ಅದಕ್ಕೆ ಬೆಲೆ ಕೊಡಬೇಕು. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. ಈಗ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ, ಸಾಮಾನ್ಯವಾಗಿ ಮಕ್ಕಳ ದಿನದ ಆಸುಪಾಸಿನಿಂದ, ಮಕ್ಕಳ ಗ್ರಾಮಸಭೆ ನಡೆಯುತ್ತದೆ.

ನಡೆಯುತ್ತದೆ, ನಿಜ. ಹೇಗೆ ಅಂತಲೂ ಹೇಳಬೇಕಲ್ಲ. ಹಿಂದಿನ ದಿನ ನಾವು ಮೇಷ್ಟ್ರುಗಳು ಚೀಟಿ ಬರೆದುಕೊಡುತ್ತೇವೆ. "ನಮ್ಮ ಶಾಲೆಗೆ ಕಾಂಪೌಂಡ್ ಬೇಕು." "ನಮ್ಮ ಶಾಲೆಗೆ ಆಟದ ಮೈದಾನ ಬೇಕು." ಮಗು ಓದುತ್ತದೆ, ಅಧ್ಯಕ್ಷರು ಆಗಲಿ ಅಂತಾರೆ, ಬಿಸ್ಕತ್ತು ಕೊಡುತ್ತಾರೆ. ಹಾರ್ಟ್ ಅವರ ಏಣಿಯ ಎರಡನೇ ಮೆಟ್ಟಿಲು.

ಅಂಥ ಒಂದು ಸಭೆಗೆ ನಾನು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಪಕ್ಕದ ಶಾಲೆಯ ಏಳನೇ ಕ್ಲಾಸಿನ ಹುಡುಗಿ ಚೀಟಿ ಹಿಡಿದು ಎದ್ದಳು. ಕಾಂಪೌಂಡ್ ಅಂತ ಶುರು ಮಾಡಿ ನಿಲ್ಲಿಸಿದಳು. ಚೀಟಿ ಮಡಿಸಿದಳು. "ನಮ್ಮ ಶೌಚಾಲಯಕ್ಕೆ ನೀರಿಲ್ಲ. ಅಲ್ಲಿಗೆ ಹೋಗೋದು ಬೇಡ ಅಂತ ನಾವು ಹುಡುಗೀರು ಬೆಳಗ್ಗೆಯಿಂದ ನೀರೇ ಕುಡಿಯಲ್ಲ" ಅಂದಳು. ಸಭೆ ಒಂದು ಕ್ಷಣ ಗಪ್‌ಚಿಪ್. ಅವರ ಮೇಷ್ಟ್ರು ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದರು. ಅಧ್ಯಕ್ಷರು ಪೈಪ್ ಹಾಕಿಸುತ್ತೇವೆ ಅಂದರು, ನಡಾವಳಿಯಲ್ಲಿ ಬರೆಸಿದರು. ಆ ಕಥೆ ಅಲ್ಲಿಗೆ ಮುಗಿಯಲಿಲ್ಲ, ಮತ್ತೆ ಬರುತ್ತೇನೆ.

ನಾನು ಈ ಮಾತಾಡಿದ ಸಭೆಯಲ್ಲಿ ಎರಡು ಪ್ರಶ್ನೆ ಬಂದವು. ಅವನ್ನೂ ಸೇರಿಸುತ್ತೇನೆ.

ಒಬ್ಬರು ತಂದೆ ಕೇಳಿದರು: "ಸಾರ್, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇದೆಲ್ಲ ಕಟ್ಟಿಕೊಂಡು ಏನಾಗಬೇಕು? ಮಾರ್ಕ್ಸ್ ಬರುತ್ತಾ?" ನ್ಯಾಯವಾದ ಪ್ರಶ್ನೆ. ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತ ನಾನು ಹೇಳುವುದಿಲ್ಲ. ನನ್ನ ಆಹಾರ ಮಂತ್ರಿಗೆ ಮೊದಲೂ ಚೆನ್ನಾಗಿ ಬರುತ್ತಿತ್ತು, ಆಮೇಲೂ ಬಂತು. ಅಂಗಡಿಯಮ್ಮನ ಮಗನಿಗೆ ಗಣಿತ ಕೊನೆಗೂ ಕಷ್ಟದಲ್ಲೇ ಪಾಸಾಯಿತು. ಆದರೆ ಅವನು ಶಾಲೆ ಬಿಡಲಿಲ್ಲ. ಮೊಟ್ಟೆ ಪಟ್ಟಿ ಅವನ ಕೈಯಲ್ಲಿತ್ತು, ಬರಲೇಬೇಕಿತ್ತು. ಇದನ್ನು ಲೆಕ್ಕಕ್ಕೆ ಹಿಡಿಯುವುದು, ಬಿಡುವುದು ನಿಮಗೆ ಬಿಟ್ಟದ್ದು.

ಇನ್ನೊಬ್ಬರು, ನನ್ನ ಹಾಗೇ ಮೇಷ್ಟ್ರು, ಹಿಂದಿನ ಸಾಲಿನಿಂದ ಎದ್ದು ಕೇಳಿದರು: "ಇವತ್ತು ಪಂಚಾಯಿತಿಯವರನ್ನ ಕೇಳ್ತಾರೆ, ನಾಳೆ ನಮ್ಮನ್ನೇ ಪ್ರಶ್ನೆ ಮಾಡಿದರೆ?" ಎಲ್ಲರೂ ನಕ್ಕರು. ಮಾಡುತ್ತಾರೆ ಸ್ವಾಮಿ. ನನ್ನನ್ನೂ ಮಾಡಿದ್ದಾರೆ. ಪರೀಕ್ಷೆ ಪೇಪರ್ ಹದಿನೈದು ದಿನದಲ್ಲಿ ಕೊಡುತ್ತೇನೆ ಅಂತ ನಡಾವಳಿಯಲ್ಲಿ ಬರೆಸಿದ್ದೆ, ತಿಂಗಳಾದರೂ ಕೊಟ್ಟಿರಲಿಲ್ಲ. ಅದನ್ನು ನನ್ನೆದುರಿಗೇ ಓದಿದರು. ಮುಖ ಕೆಂಪಾಯಿತು. ಆ ರಾತ್ರಿ ಕೂತು ಪೇಪರ್ ತಿದ್ದಿದೆ.

ಮತ್ತೆ ಆ ಹುಡುಗಿ. ಮುಂದಿನ ವರ್ಷ ಅವಳು ಎಂಟನೇ ಕ್ಲಾಸಿಗೆ ನಮ್ಮ ಶಾಲೆಗೇ ಬಂದಳು. ನವೆಂಬರಿನಲ್ಲಿ ಮತ್ತೆ ಮಕ್ಕಳ ಗ್ರಾಮಸಭೆ. ಅವಳ ಸರದಿ ಬಂದಾಗ ಕೈಯಲ್ಲಿ ಚೀಟಿ ಇರಲಿಲ್ಲ. ಎದ್ದು ನಿಂತು, "ಹೋದ ವರ್ಷ ನೀವು ಏನು ಬರೆದುಕೊಂಡಿದ್ದೀರಿ, ಮೊದಲು ಅದನ್ನು ಓದಿ ಸಾರ್" ಅಂದಳು. ಅಧ್ಯಕ್ಷರು ಪಿಡಿಒ ಮುಖ ನೋಡಿದರು. ಪಿಡಿಒ ಬಿಲ್ ಕಲೆಕ್ಟರ್ ಮುಖ ನೋಡಿದರು. ಬೀರು ತೆಗೆದರು, ಒಂದೊಂದೇ ಪುಸ್ತಕ ಹೊರಗೆ ಬಂತು. ಸಿಗಲು ಹತ್ತು ನಿಮಿಷ ಹಿಡಿಯಿತು. ಕೂತುಕೋಮ್ಮ ಅಂತ ಯಾರೋ ಹೇಳಿದರು. ಅವಳು ನಿಂತೇ ಇದ್ದಳು.